ಭತ್ಯೆಗೆ ಆರು ತಿಂಗಳು ತುಂಬಿದ ದಿನ

“ಸರ್, ಇದಕ್ಕ ಹೌದು ಅಂತ ಹೆಂಗ ಒತ್ತಲ್ರಿ?”

ಸಿಂದಗಿ ಬಸ್‌ಸ್ಟ್ಯಾಂಡ್ ಹತ್ತಿರದ ನನ್ನ ಆನ್‌ಲೈನ್ ಅರ್ಜಿ ಅಂಗಡಿಯಲ್ಲಿ ಯಂಕಂಚಿಯ ರೇಣುಕಾ ಮೌಸ್ ಹಿಡಿದು ಹಾಗೇ ಕೂತುಬಿಟ್ಟಳು. ಡಿಗ್ರಿ ಮುಗಿದು ಆರು ತಿಂಗಳು ಕೆಲಸ ಸಿಗದವರಿಗಷ್ಟೇ ನಿರುದ್ಯೋಗ ಭತ್ಯೆ. ಅಂದು ಅವಳಿಗೆ ಆ ಆರು ತಿಂಗಳು ತುಂಬಿತ್ತು. ಅರ್ಜಿಯ ಕೊನೆಯ ಸಾಲಷ್ಟೇ ಬಾಕಿ; ಅದನ್ನು ಅವಳು ಎಲ್ಲರಿಗೂ ಕೇಳುವಂತೆ ಓದಿದಳು: ‘ನಾನು ಎಲ್ಲಿಯೂ ಕೆಲಸ ಮಾಡುತ್ತಿಲ್ಲ.’

ಕಾಯುವ ಅಷ್ಟೂ ದಿನ ಅವಳು ಕಂಪ್ಯೂಟರ್ ಕಲಿಯಲೆಂದು ನನ್ನಲ್ಲಿಗೆ ಬಂದು, ಗಿರಾಕಿಗಳ ಅರ್ಜಿಗಳನ್ನೆಲ್ಲ ತಾನೇ ತುಂಬುತ್ತಿದ್ದಳು. ಪುಕ್ಕಟೆ ಕಲಿಸುತ್ತಿದ್ದೇನೆಂದು ನಾನು ಬೀಗುತ್ತಿದ್ದೆ.

ಪಿಂಚಣಿ ಅರ್ಜಿಗೆ ಬಂದಿದ್ದ ಮುದುಕಿಯೊಬ್ಬಳು ನನ್ನ ಕಡೆ ತಿರುಗಿದಳು. “ನಮ್ಮ ಕೆಲಸೆಲ್ಲಾ ಇಕೀನ ಮಾಡ್ತಾಳ. ಇಕಿಗೆ ಕೆಲಸ ಇಲ್ಲಂದ್ರ ಹೆಂಗೋ ತಮ್ಮಾ?”

ಸರದಿಯಲ್ಲಿದ್ದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. “ಒತ್ತಬ್ಯಾಡವಾ. ಇವತ್ತಿನಿಂದ ನಿನಗ ಪಗಾರ ಐತಿ” ಅಂದುಬಿಟ್ಟೆ. ರೇಣುಕಾ ತನ್ನ ಅರ್ಜಿ ಅಳಿಸಿ, ಮುದುಕಿಯತ್ತ ಕೈಚಾಚಿದಳು: “ಆಧಾರ್ ಕೊಡ್ರಿ ಆಯಿ.”

ಆರು ತಿಂಗಳಿಂದ ಕಣ್ಣೆದುರೇ ಇದ್ದದ್ದು ನನಗೊಬ್ಬನಿಗೇ ಕಂಡಿರಲಿಲ್ಲ. ಈಗಲೂ ಆ ಆಯಿ ಅಂಗಡಿಗೆ ಬಂದರೆ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತೇನೆ.