ಗುಡ್ಡಕ್ಕೆ ಬೆನ್ನು ಕೊಟ್ಟವರು

ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಶಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಡ್ರಾಯಿಂಗ್ ಮಾಸ್ತರರು ಮಸ್ಕಿಯ ಗುಡ್ಡವನ್ನು ಅದಕ್ಕೆ ಬೆನ್ನು ಕೊಟ್ಟು ಕೂತು ಬರೆದರು. ಎದುರಿಗೆ ಕ್ಷೌರದ ಕನ್ನಡಿ, ತೊಡೆಯ ಮೇಲೆ ಮೇಣ ಬಳಿದ ತಾಮ್ರದ ತಗಡು, ಕೈಯಲ್ಲಿ ಸೂಜಿ. ಅಚ್ಚೊತ್ತಿದಾಗ ಎಡಬಲ ಅದಲುಬದಲಾಗುವುದರಿಂದ ಕನ್ನಡಿಯೊಳಗಿನ ಗುಡ್ಡವನ್ನೇ ಗೀರಬೇಕಂತೆ.

"ಗುಡ್ಡ ನಿಮ್ಮ ಹಿಂದ ಐತ್ರಿ ಮಾಸ್ತರ!" ಎಂದು ಕುರಿ ಕಾಯುವ ಮುದುಕ ನಕ್ಕ. ಅವರು ಕನ್ನಡಿ ನೋಡುತ್ತ ಇನ್ನೊಂದು ಬಂಡೆ ಗೀರಿದರು.

ಮನೆಗೆ ಬಂದು, ತಾಮ್ರ ಕೊರೆಯುವ ತೇಜಾಬಿನಲ್ಲಿ ತಗಡನ್ನು ಅದ್ದಿದರು. ಸ್ವಲ್ಪ ಹೊತ್ತಿಗೆ ತೆಗೆದು, ಬಂಡೆಗಳ ಗೀರುಗಳನ್ನು ಮೇಣದಿಂದ ಮುಚ್ಚಿ, ಅವುಗಳ ನಡುವಿನ ಗವಿಗಾಗಿ ಮತ್ತೆ ಮತ್ತೆ ಅದ್ದಿದರು; ಗೀರು ಆಳವಾದಷ್ಟೂ ಮಸಿ ಹೆಚ್ಚು ಹಿಡಿದು ಅಚ್ಚು ಕಪ್ಪಾಗುತ್ತದಂತೆ. ಇಷ್ಟು ದಿನದ ಕೆಲಸ ತೂತು ಬಿದ್ದು ಹೋದೀತೆಂದು ನಾನು ಚಡಪಡಿಸಿದೆ.

"ಕಪ್ಪು ಬರಿಯಾಕ ಬರಂಗಿಲ್ರೀ, ಅದರ ಹಾದಿ ನೋಡಬೇಕು," ಎಂದರು. ಯಾವಾಗಲೂ ಅದೇ ಮಾತು.

ಅಚ್ಚಾದ ಚಿತ್ರವನ್ನು ಆ ಮುದುಕನಿಗೇ ಮೊದಲು ತೋರಿಸಿದರು. ಅವನ ಬೆರಳು ಒಂದೊಂದೇ ಬಂಡೆಯನ್ನು ಗುರುತಿಸುತ್ತ ಹೋಗಿ, ಗವಿಯ ಹತ್ತಿರ ಸರಕ್ಕನೆ ಹಿಂದೆ ಸರಿಯಿತು.

"ಒಳಗ ಚಿರತಿ ಐತ್ರಿ," ಎಂದು ಪಿಸುಗುಟ್ಟಿದ.

ಚಿತ್ರದಲ್ಲಿ ಚಿರತೆ ಇರಲಿಲ್ಲ. ಮಾಸ್ತರರೂ ದನಿ ತಗ್ಗಿಸಿಯೇ ಕೇಳಿದರು: "ಮಲಗೈತೇನಪಾ?"