ರಿಸ್ಪರ್ ಅಳೆದು ಕೊಡುವ ಕರೆಂಟು

ಬೆಳಗಿನ ಆರು ಗಂಟೆ. ದೊಡ್ಡ ಸರೋವರದ ದಡದಲ್ಲಿರುವ ಹೋಮಾ ಬೇ ಊರಿನ ಬಸ್ ನಿಲ್ದಾಣದ ಹಿಂದಿನ ತಗಡಿನ ಅಂಗಡಿಯಲ್ಲಿ ರಿಸ್ಪರ್ ಅವಿನೊ ಎಂಟು ಹಳೆಯ ಕಾರಿನ ಹೆಡ್‌ಲೈಟ್ ಬಲ್ಬುಗಳನ್ನು ಒಂದು ಉದ್ದನೆಯ ಕಬ್ಬಿಣದ ಡಬ್ಬಿಗೆ ಜೋಡಿಸುತ್ತಾರೆ. ಸ್ವಿಚ್ ಒತ್ತಿದರೆ ಅಂಗಡಿಯೆಲ್ಲ ಝಗಝಗ. ಹತ್ತು ನಿಮಿಷವಾದರೂ ಮೀಟರಿನ ಮುಳ್ಳು ಹನ್ನೆರಡು ವೋಲ್ಟಿನಿಂದ ಕದಲುವುದಿಲ್ಲ. "ಇಷ್ಟು ಭಾರ ಹೊತ್ತೂ ನಿಂತ್ಕೊಂಡ್ರೆ ಪಾಸು. ಮೇಲೆ ಅಂಟಿಸಿರೋ ಚೀಟಿ ನಾನು ನಂಬಲ್ಲ" ಎನ್ನುತ್ತಾರೆ, ಬರಿಗೈಯಲ್ಲಿ ಡಬ್ಬಿಯ ಬಿಸಿ ನೋಡುತ್ತ.

ಡಬ್ಬಿ ಎಂದರೆ ದೊಡ್ಡ ಕಂಪ್ಯೂಟರುಗಳಿಂದ ಕಳಚಿದ ಪವರ್ ಸಪ್ಲೈ. ಕಿಸುಮು ನಗರದ ಒಂದು ಕಚೇರಿಯಲ್ಲಿ ಒಂಬತ್ತು ವರ್ಷ ನೆಲ ಒರೆಸುತ್ತಿದ್ದಾಗ ಇಂಥವು ಗುಜರಿಗೆ ಹೋಗುವುದನ್ನು ಅವರು ಕಂಡಿದ್ದರು. ಅಪ್ಪನ ರೇಡಿಯೊ ರಿಪೇರಿ ನೋಡುತ್ತಲೇ ಬೆಳೆದವರಿಗೆ ಮನಸ್ಸು ತಡೆಯಲಿಲ್ಲ; ಆ ಕೆಲಸ ಬಿಟ್ಟು ಈ ಅಂಗಡಿ ತೆರೆದರು. ಈಗ ದಿನಕ್ಕೆ ಆರೇಳು ರೇಡಿಯೊ, ಹತ್ತಾರು ಫೋನು, ವಾರಕ್ಕೆ ಎರಡು ಮೂರು ಡಬ್ಬಿ. ಬ್ಯಾಟರಿ ಚಾರ್ಜ್ ಮಾಡಲೆಂದು ಡಬ್ಬಿ ಕೊಳ್ಳುವವರು ಆಟದ ವಿಮಾನ, ಡ್ರೋನ್ ಹಾರಿಸುವ ಹವ್ಯಾಸಿಗಳು. ಮೊದಮೊದಲು ಅವರೂ ಒಳಗೆ ಇಣುಕಿ, ಹೆಂಗಸೊಬ್ಬರನ್ನು ಕಂಡು, "ರಿಪೇರಿಯವನು ಎಲ್ಲಿ?" ಎಂದು ಕೇಳುತ್ತಿದ್ದರು. "ಚಹಾ ಕುಡಿಯೋಕೆ ಹೋಗಿದಾನೆ, ಅಷ್ಟರಲ್ಲಿ ನಾನೇ ಮಾಡಿಕೊಡ್ತೀನಿ ಅಂತಿದ್ದೆ" ಎಂದು ನಗುತ್ತಾರೆ.

ಹೋದ ಏಪ್ರಿಲ್‌ನಲ್ಲಿ ಯೂನಿಯಾ ಎಂಬಾಕೆಯ ಇಬ್ಬರು ಗಂಡುಮಕ್ಕಳು ಮೀನಿಗೆ ಹೋದವರು ಮರಳಲಿಲ್ಲ. ಕೊಲ್ಲಿಯ ತುಂಬ ಅಂತರಗಂಗೆ ಕಳೆ ಕಟ್ಟಿಕೊಂಡಿತ್ತು. ದೋಣಿಗಳು ಒಳನುಗ್ಗಲಾರವು, ದಡದಿಂದ ಏನೂ ಕಾಣದು. ಶಾಲೆಯ ಮೇಷ್ಟ್ರು ಒಕುಮು ತಮ್ಮ ಡ್ರೋನ್ ಹಾರಿಸಿ ಹುಡುಕಿದರು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಬ್ಯಾಟರಿಯೂ ಖಾಲಿ. ಬೇಗ ತುಂಬಲೆಂದು ಎಲ್ಲವನ್ನೂ ಒಟ್ಟಿಗೇ ಚಾರ್ಜಿಗೆ ಹಾಕಿದರೆ ಚಾರ್ಜರ್ ಎರಡೇ ನಿಮಿಷಕ್ಕೆ ಆರಿಹೋಗುತ್ತಿತ್ತು. ಮೂರು ಗಂಟೆಗೆ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಇಲ್ಲಿಗೆ ಓಡಿಬಂದರು.

"ಚಾರ್ಜರ್ ಸತ್ತೋಯ್ತು, ಅಸೆಂಬೊ ಮಗಳೇ" ಎಂದರಂತೆ, ರಿಸ್ಪರ್ ಅವರ ತವರೂರಿನ ಹೆಸರು ಹಿಡಿದು.

"ಅದಕ್ಕೇನೂ ಆಗಿಲ್ಲ ಮೇಷ್ಟ್ರೇ. ಅದು ನಾನೂರು ವ್ಯಾಟ್ ಕೇಳ್ತಿದೆ, ನಿಮ್ಮ ಸಪ್ಲೈ ಕೊಡೋದು ನೂರು. ಸೊಂಟ ಹಿಡ್ಕೊಂಡು ಕೂತ್ಬಿಡುತ್ತೆ."

"ಹಾಗಾದ್ರೆ ಚಾರ್ಜರನ್ನೇ ಕಡಿಮೆಗೆ ಇಡೋಣ?"

"ಇಡಬಹುದು. ತುಂಬೋದಕ್ಕೆ ನಾಲ್ಕು ತಾಸು ಹಿಡಿಯುತ್ತೆ. ಅಷ್ಟರಲ್ಲಿ ಕತ್ತಲು."

ಪರೀಕ್ಷೆಯಾಗಿದ್ದ ಏಳುನೂರೈವತ್ತು ವ್ಯಾಟಿನ ಡಬ್ಬಿಯನ್ನು ರಿಸ್ಪರ್ ಕೆಳಗಿಳಿಸಿದರು. ಮೇಷ್ಟ್ರ ಸಪ್ಲೈಯಂತೆ ಅದೂ ಹನ್ನೆರಡು ವೋಲ್ಟಿನದೇ. ಬಲ ಮಾತ್ರ ಏಳು ಪಟ್ಟಿಗಿಂತ ಹೆಚ್ಚು. ದಪ್ಪ ತಂತಿ ಹಾಕಿದರು. ನಾಲ್ಕು ಬ್ಯಾಟರಿಗಳಲ್ಲಿ ಒಂದು ಉಬ್ಬಿತ್ತು. ಅದನ್ನು ಮುಟ್ಟಲೂ ಬಿಡಲಿಲ್ಲ.

"ಇಬ್ಬರ ಜೀವ ಅಲ್ಲಿದೆ, ನೀನು ಒಂದು ಬ್ಯಾಟರಿ ಲೆಕ್ಕ ಹಾಕ್ತೀಯಲ್ಲ" ಎಂದು ಮೇಷ್ಟ್ರು ರೇಗಿದರು.

"ಇದು ಹೊತ್ತಿಕೊಂಡ್ರೆ ಉಳಿದ ಮೂರೂ ಇರಲ್ಲ. ಆಮೇಲೆ ಏನು ಹಾರಿಸ್ತೀರಿ?"

ಉಬ್ಬಿದ ಬ್ಯಾಟರಿ ಹೊರಗಡೆ ಮರಳಿನ ಬಕೆಟ್ಟಿಗೆ ಹೋಯಿತು. ಉಳಿದ ಮೂರು ಒಟ್ಟಿಗೇ ಚಾರ್ಜಿಗೆ ಕೂತವು. ಎರಡು ನಿಮಿಷ ದಾಟಿತು, ಹತ್ತು ದಾಟಿತು, ಚಾರ್ಜರ್ ಆರಲಿಲ್ಲ. ರಿಸ್ಪರ್ ಕೈ ತೆಗೆಯದೆ ತಂತಿಯ ಬಿಸಿ ನೋಡುತ್ತ ಕುಳಿತರು. ನಾಲ್ಕೂಕಾಲಿಗೆ ಮೂರೂ ಭರ್ತಿ.

ಮೇಷ್ಟ್ರು ದಡಕ್ಕೆ ಓಡಿ ಮತ್ತೆ ಡ್ರೋನ್ ಹಾರಿಸಿದರು. ಎರಡನೆಯ ಬ್ಯಾಟರಿ ಮುಗಿಯುತ್ತ ಬಂದಾಗ ಹಸಿರಿನ ನಡುವೆ ಹಳದಿ ಅಂಗಿಯೊಂದು ಬೀಸುವುದು ಪರದೆಯಲ್ಲಿ ಕಂಡಿತು. ದಾರಿ ಗೊತ್ತಾದ ಮೇಲೆ ದೋಣಿಯವರು ಅಂತರಗಂಗೆ ಕಡಿದುಕೊಂಡೇ ಹೋಗಿ ಇಬ್ಬರನ್ನೂ ಕರೆತಂದರು. ಹಸಿವು ಬಿಟ್ಟರೆ ಮೈಗೆ ಇನ್ನೇನೂ ಆಗಿರಲಿಲ್ಲ. ಸಂಜೆ ಯೂನಿಯಾ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತರು. ರಿಸ್ಪರ್ ಚಹಾ ಕೊಟ್ಟರು. ಇಬ್ಬರೂ ಕುಡಿದರು.

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ.

"ಡ್ರೋನಿನವರು ಹಾರಿಸೋದು ಶನಿವಾರ, ನನಗೆ ಗಿರಾಕಿ ಜಾಸ್ತಿ ಬರೋದೂ ಶನಿವಾರ. ಇಷ್ಟು ವರ್ಷ ಬರೀ ಬ್ಯಾಟರಿನೇ ನೋಡಿದೀನಿ. ಒಂದ್ಸಲ ಮೈದಾನಕ್ಕೆ ಹೋಗಿ, ಅದು ಮೇಲಕ್ಕೆ ಹೋಗೋದನ್ನ ನೋಡ್ಬೇಕು."