ಬಲಮಗ್ಗುಲ ಕೆನ್ನೆದಿಂಬು

ಗೋಡೆಯ ಫೋಟೋದಲ್ಲಿರುವ ನಿಮ್ಮ ತಾತ ಕೋಟು ಹಾಕಿಕೊಂಡು ಸ್ಟುಡಿಯೋದ ಕುರ್ಚಿಯಲ್ಲಿ ಕೂತಿದ್ದಾರೆ. ಆ ಕೋಟು ಸ್ಟುಡಿಯೋದವರದು. ನಾನು ಕಂಡ ಮನುಷ್ಯನ ತಲೆ, ಹುಬ್ಬು, ಕಿವಿಯ ಸಂದಿ ಎಲ್ಲ ಕಡೆ ಮರದ ಪುಡಿ ಇರುತ್ತಿತ್ತು. ಊಟಕ್ಕೆ ಕೂತರೆ ತಟ್ಟೆಯ ಸುತ್ತ ಉದುರುತ್ತಿತ್ತು.

ನಂಜನಗೂಡಿನ ನಮ್ಮ ಮನೆಯ ಜಗಲಿಯೇ ಅವರ ಕೆಲಸದ ಜಾಗ. ಬಾಗಿಲು, ಕಿಟಕಿ, ಮಂಚ, ತೊಟ್ಟಿಲು ಮಾಡುತ್ತಿದ್ದರು. ನಿಮ್ಮ ಅಪ್ಪ ಹೈಸ್ಕೂಲಿನಲ್ಲಿದ್ದಾಗ ಒಬ್ಬ ತೋಟದವರು ಮುರಿದ ಏರ್‌ಗನ್ ತಂದರು. ಕಡಿಮೆ ಬೆಲೆಯದು. ಕಬ್ಬಿಣದ ನಳಿಗೆ ಚೆನ್ನಾಗಿಯೇ ಇತ್ತು, ಭುಜಕ್ಕೆ ಆನಿಸಿಕೊಳ್ಳುವ ಮರದ ಭಾಗ ಮಾತ್ರ ಹಿಡಿಯುವ ಕಡೆ ಸೀಳಿತ್ತು. ಆ ಭಾಗಕ್ಕೆ ಬಂದವರೆಲ್ಲ ಬಟ್ಟು ಅನ್ನುತ್ತಿದ್ದರು. ನಿಮ್ಮ ತಾತ ಮಾತ್ರ ಬರೀ ಮರ ಅನ್ನುತ್ತಿದ್ದರು. ಕೆಡವಿದ ಹಳೇ ಮನೆಯ ಹೊನ್ನೆ ಬಾಗಿಲುವಾಡದ ತುಂಡಿನಿಂದ ಅವರಿಗೊಂದು ಮರ ಮಾಡಿಕೊಟ್ಟರು. ಸುದ್ದಿ ಚಿಕ್ಕಯ್ಯನಛತ್ರದ ಕಡೆ ಹೋಯಿತು, ಆಮೇಲೆ ನರಸೀಪುರದ ಕಡೆಯ ಬಾಳೆತೋಟಗಳಿಗೂ ಹೋಯಿತು.

ಎಲ್ಲರದೂ ಕೋತಿ ಕಾಟವೇ. ಆದರೆ ನಿಮ್ಮ ತಾತನದು ಒಂದು ಕರಾರು. ಕೋತಿಗೆ ಗುರಿ ಇಡುವುದಾದರೆ ಮರ ಮಾಡಿಕೊಡುವುದಿಲ್ಲ. ತೋಟದ ನಡುವೆ ಒಂದು ತಗಡು ಕಟ್ಟಿ ಅದಕ್ಕೆ ಹೊಡೆಯಬೇಕು. ಠಣ್ ಅಂದರೆ ಕೋತಿಗಳು ತಾವೇ ಓಡುತ್ತವೆ ಅನ್ನುತ್ತಿದ್ದರು. ತಗಡಿಗೆ ತಾಗಬೇಕಾದರೆ ಬಂದೂಕು ಆಳಿಗೆ ಹೊಂದಬೇಕು. ಅಂಗಡಿಯಲ್ಲಿ ಬರುವುದು ಉದ್ದದವರಿಗೂ ಗಿಡ್ಡದವರಿಗೂ ಒಂದೇ ಅಳತೆ. ಇವರು ಬಂದವರ ಮೊಣಕೈ ಮಡಚಿಸಿ, ಅಲ್ಲಿಂದ ತೋರುಬೆರಳಿನ ಗೆಣ್ಣಿನವರೆಗೆ ಹುರಿ ಹಿಡಿದು ಗಂಟು ಹಾಕುತ್ತಿದ್ದರು. ಕೆನ್ನೆಯ ಮೂಳೆಯಿಂದ ಭುಜಕ್ಕೆ ಇನ್ನೊಂದು ಗಂಟು. ಹುರಿಯನ್ನು ಆ ಬಂದೂಕಿಗೇ ಸುತ್ತಿಡುತ್ತಿದ್ದರು. ಹೆಸರು ಬರೆದಿಟ್ಟದ್ದನ್ನು ನಾನು ನೋಡಿಲ್ಲ.

ಗುರಿ ಇಡುವಾಗ ಕೆನ್ನೆ ಆನಿಸಲಿಕ್ಕೆ ಮರದ ಒಂದು ಮಗ್ಗುಲಲ್ಲಿ ಅಂಗೈಯಷ್ಟು ಉಬ್ಬು ಬಿಡುತ್ತಿದ್ದರು. ಅದಕ್ಕೆ ಕೆನ್ನೆದಿಂಬು ಅನ್ನುತ್ತಿದ್ದರು. ನಾನು ಕಂಡ ಮರಗಳಲ್ಲೆಲ್ಲ ಅದು ಎಡಮಗ್ಗುಲಿಗೇ ಇರುತ್ತಿತ್ತು.

ನನ್ನ ಕೆಲಸ ಕೊನೆಯದು. ಉಪ್ಪುಕಾಗದದಲ್ಲಿ ಉಜ್ಜಿ, ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ದಿನಾ ಒಂದು ಸಲ ತಿಕ್ಕಬೇಕು. ಎಂಟು ದಿನ ತಿಕ್ಕಿದರೆ ಹೊನ್ನೆ ಜೇನಿನ ಬಣ್ಣಕ್ಕೆ ಬರುತ್ತದೆ. ಎಷ್ಟು ಕೈ ತೊಳೆದರೂ ಆ ವಾರದ ಸಾರಿಗೆ ಎಣ್ಣೆಯ ವಾಸನೆ ಅಂತ ನಿಮ್ಮ ಅಪ್ಪ ಮೂಗು ಮುರಿಯುತ್ತಿದ್ದ. ಇನ್ನೊಂದು ಕೆಲಸ, ಬಂದವರಿಗೆ ಕಾಫಿ ಕೊಡುವುದು. ತಗಡೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ ನಾನು ಅಲ್ಲೂ ಕೊನೇ ಸಾಲಿನಲ್ಲಿ ತಲೆ ಬಗ್ಗಿಸಿಕೊಂಡೇ ಕೂರುತ್ತಿದ್ದೆ. ಮದುವೆಯಾದ ಮೇಲೂ ಹೊರಗಿನ ಗಂಡಸರ ಮುಖ ನೋಡಿದವಳಲ್ಲ. ಲೋಟ ಇಟ್ಟು ಒಳಗೆ ಬಂದುಬಿಡುತ್ತಿದ್ದೆ. ಗಿರಾಕಿಗಳನ್ನು ಕಾಲು ನೋಡಿ ಗುರುತಿಡುತ್ತಿದ್ದೆ. ಟೈರಿನ ಚಪ್ಪಲಿಯವರು, ಹೆಬ್ಬೆರಳ ಉಗುರು ಹೋದವರು, ಹೀಗೆ.

ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಬೆಳಿಗ್ಗೆ ನಿಮ್ಮ ತಾತನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಒಂದು ವರ್ಷದ ಆರೈಕೆಯಲ್ಲಿ ಮಾತು ಬಂತು, ಕೈ ಅರ್ಧ ಬಂತು. ಅಷ್ಟು ಹೊತ್ತಿಗೆ ನಿಮ್ಮ ಅಪ್ಪ ತಾಂಡ್ಯದ ಕಾರ್ಖಾನೆಗೆ ಸೇರಿದ್ದ. ಉಳಿ ಜಾರಿ ಕೈ ಕುಯ್ದುಕೊಂಡಾರು ಎಂಬ ಭಯ ಅವನಿಗೆ. ಸಾಮಾನಿನ ಪೆಟ್ಟಿಗೆಯನ್ನು ಮರಗೆಲಸದಲ್ಲಿರುವ ಯಾರಾದರೂ ನೆಂಟರಿಗೆ ಕೊಟ್ಟುಬಿಡೋಣ ಅಂದ. ಅವನದು ತಪ್ಪಲ್ಲ. ನಿಮ್ಮ ತಾತ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ನರಸೀಪುರದೋರ್ದು ಒಂದು ಒಪ್ಕಂಡಿವ್ನಿ. ಇದೊಂದು ನೆಟ್ಟಗೆ ಬರ್ಲಿ. ಬರ್ನಿಲ್ಲ ಅಂದ್ರೆ ನಾನೇ ಪೆಟ್ಟಿಗೆ ಎತ್ಕೊಡ್ತೀನಿ" ಅಂದರು.

ಆ ಮರಕ್ಕೆ ಎರಡು ತಿಂಗಳು ಹಿಡಿಯಿತು. ಎಡಗೈಯಲ್ಲಿ ಉಳಿ, ಬಲಗೈ ಬರೀ ಮರವನ್ನು ಒತ್ತಿ ಹಿಡಿಯಲಿಕ್ಕೆ. ಅರ್ಧ ಗಂಟೆ ಕೆತ್ತಿದರೆ ಮೈಯೆಲ್ಲ ಬೆವರು. ನಾನು ಒಳಗಿನಿಂದ ಸದ್ದು ಕೇಳುತ್ತಿದ್ದೆ. ಮೊದಲಿನ ಹಾಗೆ ಒಂದೇ ಸಮ ಬರುತ್ತಿರಲಿಲ್ಲ, ನಿಂತು ನಿಂತು ಬರುತ್ತಿತ್ತು. ಕೊನೆಗೆ ಎಣ್ಣೆ ತಿಕ್ಕು ಅಂತ ನನ್ನ ಕೈಗೆ ಕೊಟ್ಟರು. ತಿರುಗಿಸಿ ನೋಡಿದೆ. ಕೆನ್ನೆದಿಂಬು ಬಲಮಗ್ಗುಲಿಗಿತ್ತು.

ಪಾಪ, ಎಡಗೈಯಲ್ಲಿ ಕೆತ್ತಿದ್ದಕ್ಕೆ ಮಗ್ಗುಲು ಅದಲುಬದಲಾಗಿದೆ ಅಂದುಕೊಂಡೆ. ಕೇಳಬಹುದಿತ್ತು. ಕೇಳಿದರೆ ತನ್ನ ತಲೆಯೂ ಕೆಟ್ಟಿತು ಅಂತ ಅವರಿಗೆ ಗೊತ್ತಾಗಿಬಿಡುತ್ತದಲ್ಲ ಎನ್ನಿಸಿತು. ಉಬ್ಬಿಲ್ಲದ ಮರವನ್ನೂ ಜನ ಹಿಡಿಯುತ್ತಾರೆ, ತಪ್ಪು ಮಗ್ಗುಲ ಉಬ್ಬು ಕಂಡರೆ ನಗುತ್ತಾರೆ. ಮಧ್ಯಾಹ್ನ ಅವರು ಮಲಗಿದ್ದಾಗ ಹಿತ್ತಲಿನಲ್ಲಿ ಕೂತು ಉಜ್ಜುಗೊರಡಿನಿಂದ ಅದನ್ನು ಸಮ ಮಾಡಿದೆ. ಎರಡು ಮಧ್ಯಾಹ್ನ ಬೇಕಾಯಿತು. ಹೊಟ್ಟನ್ನು ಬಚ್ಚಲ ಒಲೆಗೆ ಹಾಕಿದೆ. ಆಮೇಲೆ ಎಂಟು ದಿನ ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟೆ.

ನರಸೀಪುರದವರು ಬಸ್ಸಿಳಿದು ಬಂದ ದಿನ ನಾನು ಬಟ್ಟೆಗಂಟನ್ನು ಹಾಗೆಯೇ ಜಗಲಿಯ ಮೇಲಿಟ್ಟು ಬಾಗಿಲ ಹಿಂದೆ ನಿಂತೆ. ಗಂಟು ಬಿಚ್ಚಿದ ಸದ್ದು ಕೇಳಿತು.

"ಆಚಾರ್ರೇ, ದಿಂಬೆಲ್ಲಿ?" ಅಂದರು ಬಂದವರು. ಜೋರಾಗಿಯೇನೂ ಅನ್ನಲಿಲ್ಲ.

ನಿಮ್ಮ ತಾತ ಮರವನ್ನು ತಡವುತ್ತಿದ್ದುದು ಸಂದಿಯಲ್ಲಿ ಕಂಡಿತು. ಆ ಮಗ್ಗುಲು, ಈ ಮಗ್ಗುಲು, ಮತ್ತೆ ಆ ಮಗ್ಗುಲು. "ಮಾಡಿದ್ದೆ ಅಂತ್ಲೇ ನೆಪ್ಪು" ಅಂದರು. ಮರವನ್ನು ಕೆಳಗಿಟ್ಟು, "ಮಾಡಿರ್ನಿಲ್ಲ ಅಂತ ಕಾಣುತ್ತೆ. ತಪ್ಪು ತಿಳ್ಕಬ್ಯಾಡಿ ಸ್ವಾಮಿ, ಈಚೀಚೆಗೆ ತಲೆ ನಿಲ್ತಿಲ್ಲ" ಅಂದರು. ಆಮೇಲೆ ಕೈ ಚಾಚಿ ಪೆಟ್ಟಿಗೆಯ ಮುಚ್ಚಳ ಎಳೆದು ಚಿಲಕ ಹಾಕಿದರು.

ಆ ಚಿಲಕದ ಸದ್ದಿಗೆ ನಾನು ಹೊರಗೆ ಬಂದೆ. ಕೈಯಲ್ಲಿ ಕಾಫಿ ಲೋಟವೂ ಇರಲಿಲ್ಲ.

"ಅವ್ರು ಮಾಡಿದ್ರು. ನಾನು ಕೆತ್ತಿ ತೆಗ್ದೆ" ಅಂದೆ. ನೆಲ ನೋಡಿಕೊಂಡೇ ಅಂದೆ.

ಉಳಿದದ್ದನ್ನೂ ಹೇಳಿದೆ. ಬಲಮಗ್ಗುಲಿಗಿತ್ತು, ತಪ್ಪಾಗಿದೆ ಅಂದುಕೊಂಡೆ, ಹೇಳಿದರೆ ನೊಂದುಕೊಳ್ಳುತ್ತೀರಿ ಅಂತ ಹೇಳಲಿಲ್ಲ.

"ಅಲ್ಲ ಕಣವ್ವ, ನನ್ ಮುಖ ನೋಡ್ನಿಲ್ವಾ ನೀನು? ಮೂರು ಸಲ ಕಾಫಿ ಕೊಟ್ಟಿದ್ದೀಯಲ್ಲ" ಅಂದರು ಬಂದವರು.

ಆಗ ತಲೆ ಎತ್ತಿದೆ. ಹಣೆಗೆ ವಿಭೂತಿ, ಬಿಳಿ ಮೀಸೆ. ಬಲಗಣ್ಣಿನ ರೆಪ್ಪೆ ಮುಚ್ಚಿ ಒಳಗೆ ಕುಸಿದಿತ್ತು. ಭತ್ತದ ಒಕ್ಕಣೆಯಲ್ಲಿ ಕಣ್ಣು ಹೋಯಿತಂತೆ. ಎಡಗಣ್ಣಿನಲ್ಲಿ ಗುರಿ ಇಡಬೇಕಾದರೆ ಬಂದೂಕು ಎಡಭುಜಕ್ಕೆ ಬರಬೇಕು, ಎಡಗೆನ್ನೆ ಮರದ ಬಲಮಗ್ಗುಲಿಗೆ ಕೂರಬೇಕು. ಅಂಗಡಿಯ ಮರ ಇಟ್ಟುಕೊಂಡು ಕತ್ತು ತಿರುಚಿ ಹೊಡೆದಾಗ ಒಮ್ಮೆ ತಗಡು ತಪ್ಪಿ ಒಂದು ಮರಿಕೋತಿಗೆ ತಾಗಿತಂತೆ. ಅದರ ತಾಯಿ ತೋಟದ ಬೇಲಿಯ ಮೇಲೆ ದಿನವೆಲ್ಲ ಕೂತಿತ್ತಂತೆ. ಅದಕ್ಕೇ ಅವರು ಇಷ್ಟು ದೂರ ಬಂದದ್ದು. ನನ್ನ ಕಣ್ಣಿಗೆ ಮೂರು ಸಲವೂ ಬಿದ್ದದ್ದು ಅವರ ಕಾಲಿನ ಬಿರುಕು ಮಾತ್ರ.

ನಿಮ್ಮ ತಾತ ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಅವರು ನಗುತ್ತಿದ್ದರು. ಲಕ್ವ ಹೊಡೆದ ಮೇಲೆ ನಗು ಒಂದು ಕಡೆಗೇ ಬರುತ್ತಿತ್ತು. "ಹಂಗಾರೆ ನಾನು ಮರ್ತಿರ್ನಿಲ್ಲ" ಅಂದರು ಬಂದವರ ಕಡೆ ತಿರುಗಿ. "ಕೇಳುಸ್ಕಂಡ್ರಾ? ಮಾಡಿದ್ದೆ ನಾನು." ಅದನ್ನೇ ಇನ್ನೊಂದು ಸಲ ಹೇಳಿದರು.

ಹಳೇ ಮನೆಯ ಆ ಹೊನ್ನೆ ಬಾಗಿಲುವಾಡದ ಒಂದು ತುಂಡು ನೀರಿನ ಹಂಡೆಯ ಕೆಳಗೆ ಒತ್ತಿಗಿತ್ತು. ಅದನ್ನು ತೆಗೆದು ಒಣಗಿದ ಬದಿ ಕುಯ್ದೆವು. ಅಳತೆ ಮತ್ತೆ ತೆಗೆಯಬೇಕಿತ್ತು. ಬಂದವರು ಬಂದೂಕನ್ನು ಎಡಭುಜಕ್ಕೆ ಇಟ್ಟುಕೊಂಡು ಕೆನ್ನೆ ಆನಿಸಿ ಕೂತರು. ನಿಮ್ಮ ತಾತನ ಕೈಯಲ್ಲಿ ಪೆನ್ಸಿಲ್ ನಡುಗುತ್ತಿತ್ತು. ಅದನ್ನು ನನಗೆ ಕೊಟ್ಟು, ಕೆನ್ನೆಯ ಅಂಚಿಗೆ ಗೀಟು ಎಳಿ ಅಂದರು. ಪರಗಂಡಸಿನ ಮುಖದ ಅಷ್ಟು ಹತ್ತಿರಕ್ಕೆ ನಾನು ಹೋದದ್ದು ಅದೇ ಮೊದಲು. ಅವರು ನನಗಿಂತ ಹೆಚ್ಚು ನಾಚಿಕೊಂಡು ಇದ್ದ ಒಂದು ಕಣ್ಣನ್ನೂ ಮುಚ್ಚಿಬಿಟ್ಟರು. "ಕಣ್ಣು ತಗೀರಿ ಸ್ವಾಮಿ, ಗುರಿ ಇಡೋವಾಗ ಮುಚ್ಕೊತೀರಾ" ಅಂತ ನಿಮ್ಮ ತಾತ ಗದರಿದರು.

ಆ ತುಂಡನ್ನು ಕೆತ್ತಿದ್ದು ನಾನು. ಅವರು ಪಕ್ಕದಲ್ಲಿ ಕೂತು, ಉಳಿ ಹೀಗೆ ಹಿಡಿ, ಎಳೆ ಹೋದ ಕಡೆಗೇ ಹೋಗು, ಸೌದೆ ಸೀಳುತ್ತಿದ್ದೀಯಾ ಅಂತ ಬೈಯುತ್ತ ಹೇಳಿಕೊಟ್ಟರು. ಅಂಟು ಹಚ್ಚಿ, ಹುರಿ ಬಿಗಿದು, ಮತ್ತೆ ಎಂಟು ದಿನ ಎಣ್ಣೆ ತಿಕ್ಕಿದೆ. ಅಂಟಿಸಿದ ಜಾಗದಲ್ಲಿ ಕೂದಲಿನಷ್ಟು ಕಪ್ಪು ಗೆರೆ ಉಳಿಯಿತು. ಎಷ್ಟು ತಿಕ್ಕಿದರೂ ಅದು ಹೋಗಲಿಲ್ಲ. ಆ ಬೇಸಿಗೆಗೆ ನರಸೀಪುರದವರು ಒಂದು ಬಾಳೆಗೊನೆ ಹೊತ್ತು ತಂದರು. ಹೊಡೆದದ್ದೆಲ್ಲ ತಗಡಿಗೇ ಬೀಳುತ್ತಿದೆ, ತಗಡೇ ತೂತಾಯಿತು ಅಂದರು.

ಪೆಟ್ಟಿಗೆ ಮನೆಯಲ್ಲೇ ಉಳಿಯಿತು. ನಿಮ್ಮ ಅಪ್ಪನೂ ಮತ್ತೆ ಆ ಮಾತು ಎತ್ತಲಿಲ್ಲ. ನಿಮ್ಮ ತಾತ ತೀರಿಕೊಳ್ಳುವವರೆಗೆ ನಾವಿಬ್ಬರೂ ಸೇರಿ ಇನ್ನೂ ಐದು ಮರ ಮಾಡಿದೆವು. ಯಾರಾದರೂ ಬಂದೂಕು ಹಿಡಿದು ಜಗಲಿ ಹತ್ತಿದರೆ ಹುರಿ ತೆಗೆಯುವ ಮೊದಲು ನನ್ನನ್ನು ಕೂಗುತ್ತಿದ್ದರು. ಕಾಫಿ ಆಮೇಲೆ ತಂದರಾಯಿತು, ಮೊದಲು ಬಂದು ಇವರ ಮುಖ ನೋಡಿಕೋ ಅನ್ನುತ್ತಿದ್ದರು.